ಬೇಸಿಗೆಯ ಬೆವರು, ಉಪ್ಪು ಮತ್ತು ಒಂದು ಪ್ರೋಟೀನಿನ ಆಯುಷ್ಯ

ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ, ಯಾದಗಿರಿ ಸೀಮೆಯ ಬಿಸಿಲು 42–43 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಇಲ್ಲಿನವರಿಗೆ ಹೊಸದಲ್ಲ. ಆ ಎರಡು ತಿಂಗಳು ಈ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವುದುಂಟು. ಶಹಾಬಾದ್ ಕಲ್ಲಿನ ಗಣಿಯಲ್ಲಿ ದುಡಿಯುವವರಿಗೆ, ರಸ್ತೆಗೆ ಡಾಂಬರು ಹಾಕುವವರಿಗೆ, ಬಿತ್ತನೆಗೆ ಹೊಲ ಹದ ಮಾಡುವವರಿಗೆ ಆ ಅನುಕೂಲ ಇಲ್ಲ. ಸಂಜೆಯ ಹೊತ್ತಿಗೆ ಅವರ ಅಂಗಿಯ ಬೆನ್ನಿನ ಮೇಲೆ ಬಿಳಿ ಗೆರೆಗಳು ಮೂಡಿರುತ್ತವೆ. ನೀರು ಆರಿಹೋಗಿ ಉಳಿದ ಉಪ್ಪು ಅದು.

ಈ ಉಪ್ಪಿನ ವಿಷಯದಲ್ಲಿ ಶರೀರಶಾಸ್ತ್ರಜ್ಞರು ಬಹಳ ಹಿಂದೆಯೇ ಗಮನಿಸಿದ ಒಂದು ಸಂಗತಿ ಇದೆ. ತಂಪು ಊರಿನಿಂದ ಬಂದು ಮೊದಲ ದಿನವೇ ಬಿಸಿಲಿನಲ್ಲಿ ಕೆಲಸಕ್ಕೆ ಇಳಿದವನ ಬೆವರಿನಲ್ಲಿ ಉಪ್ಪು ಹೆಚ್ಚಿರುತ್ತದೆ. ಅದೇ ಮನುಷ್ಯ ಒಂದೆರಡು ವಾರ ಅದೇ ಬಿಸಿಲಿನಲ್ಲಿ ದುಡಿದ ಮೇಲೆ ಮೊದಲಿಗಿಂತ ಹೆಚ್ಚು ಬೆವರಿದರೂ ಆ ಬೆವರಿನಲ್ಲಿ ಉಪ್ಪಿನ ಅಂಶ ಕಡಿಮೆಯಾಗಿರುತ್ತದೆ. ವ್ಯತ್ಯಾಸ ಸಣ್ಣದಲ್ಲ. ಒಂದು ಲೀಟರ್ ಬೆವರಿನಲ್ಲಿ 60 ಮಿಲಿಮೋಲ್ ಸೋಡಿಯಂ ಇದ್ದರೆ ಅದು ಸುಮಾರು 3.5 ಗ್ರಾಂ ಅಡುಗೆ ಉಪ್ಪಿಗೆ ಸಮ. 20 ಮಿಲಿಮೋಲ್‌ಗೆ ಇಳಿದರೆ ಸುಮಾರು 1.2 ಗ್ರಾಂ. ದಿನಕ್ಕೆ ಐದು ಲೀಟರ್ ಬೆವರುವ ದುಡಿಮೆಗಾರನಿಗೆ ಇದು 17 ಗ್ರಾಂ ಮತ್ತು 6 ಗ್ರಾಂ ನಡುವಿನ ಅಂತರ. ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗಿ ಮೇ ತಿಂಗಳಲ್ಲಿ ಊರಿಗೆ ಮರಳಿದವರಿಗೆ ಮೊದಲ ವಾರ ಮೈ ಸೋಲುವುದಕ್ಕೆ, ಕಾಲಿನ ಮೀನಖಂಡ ಹಿಡಿದುಕೊಳ್ಳುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು: ಬಿಸಿಲಿಗೆ ಮೈ ಒಗ್ಗಿದ ಸ್ಥಿತಿ ಕೆಲವೇ ವಾರಗಳಲ್ಲಿ ಕಳೆದುಹೋಗುತ್ತದೆ.

ಹಾಗಾದರೆ ಒಗ್ಗುವುದೆಂದರೆ ದೇಹದಲ್ಲಿ ನಿಜವಾಗಿ ಏನು ಬದಲಾಗುತ್ತದೆ? ಉತ್ತರದ ಬಹುಪಾಲು ಒಂದು ಪ್ರೋಟೀನಿನಲ್ಲಿದೆ: ಜೀವಕೋಶದ ಹೊರಪೊರೆಯಲ್ಲಿ ಅದು ಎಷ್ಟಿದೆ, ಎಷ್ಟು ಹೊತ್ತು ಅಲ್ಲಿ ಉಳಿಯುತ್ತದೆ ಎಂಬುದರಲ್ಲಿ.

ಬೆವರಿನ ಗ್ರಂಥಿಗೆ ಎರಡು ಭಾಗಗಳಿವೆ. ಚರ್ಮದ ಆಳದಲ್ಲಿ ಸುರುಳಿ ಸುತ್ತಿಕೊಂಡಿರುವ ಭಾಗ ಮೊದಲ ದ್ರವವನ್ನು ಸ್ರವಿಸುತ್ತದೆ. ಅದರಲ್ಲಿರುವ ಸೋಡಿಯಂ ಹೆಚ್ಚುಕಡಿಮೆ ರಕ್ತದಲ್ಲಿರುವಷ್ಟೇ, ಅಂದರೆ ಲೀಟರಿಗೆ 140 ಮಿಲಿಮೋಲ್ ಆಸುಪಾಸು. ಈ ದ್ರವ ಚರ್ಮದ ಮೇಲ್ಮೈಗೆ ಬರುವ ದಾರಿಯಲ್ಲಿ ಒಂದು ನಾಳವನ್ನು ದಾಟಬೇಕು. ನಾಳದ ಗೋಡೆಯ ಕೋಶಗಳು ನೀರನ್ನು ಹೆಚ್ಚು ಹಿಂದಕ್ಕೆ ಎಳೆದುಕೊಳ್ಳದೆ ಸೋಡಿಯಂ ಮತ್ತು ಕ್ಲೋರೈಡ್ ಅನ್ನು ಮಾತ್ರ ಹಿಂಪಡೆಯುತ್ತವೆ. ಬೆವರು ರಭಸವಾಗಿ ಸುರಿದಾಗ ಹಿಂಪಡೆಯಲು ಸಮಯ ಸಾಲದೆ ಉಪ್ಪು ಹೆಚ್ಚಾಗಿ ಹೊರಹೋಗುತ್ತದೆ. ಸೋಡಿಯಂ ಒಳಬರುವ ದಾರಿ ಎಪಿಥೀಲಿಯಲ್ ಸೋಡಿಯಂ ಚಾನಲ್ ಎಂಬ ಪ್ರೋಟೀನು. ಸಂಶೋಧಕರು ಇದನ್ನು ಚಿಕ್ಕದಾಗಿ ಈನ್ಯಾಕ್ ಎನ್ನುತ್ತಾರೆ. ಕ್ಲೋರೈಡ್‌ನ ದಾರಿ ಸಿಎಫ್‌ಟಿಆರ್ ಎಂಬ ಇನ್ನೊಂದು ಪ್ರೋಟೀನು. ಮುಂದಿನ ಮಾತೆಲ್ಲ ಮುಖ್ಯವಾಗಿ ಮೊದಲನೆಯದರ ಬಗ್ಗೆ.

ಚಾನಲ್ ಯಾಕೆ ಬೇಕು ಎಂಬುದನ್ನು ಬೇಗ ಹೇಳಿಬಿಡಬಹುದು. ಜೀವಕೋಶದ ಪೊರೆ ಜಿಡ್ಡಿನ ಎರಡು ಪದರ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕ್ಲೋರೈಡ್ ಇವೆಲ್ಲ ನೀರಿನಲ್ಲಿ ವಿದ್ಯುದಂಶ ಹೊತ್ತ ಅಯಾನುಗಳಾಗಿರುತ್ತವೆ. ನೀರನ್ನು ಬಿಟ್ಟು ಜಿಡ್ಡಿನೊಳಗೆ ನುಗ್ಗುವುದು ಅವುಗಳಿಗೆ ಸಾಧ್ಯವಿಲ್ಲ. ಪೊರೆಯನ್ನು ಆಚೆಯಿಂದೀಚೆಗೆ ಹಾದು ನಿಂತ ಪ್ರೋಟೀನುಗಳು ನಡುವೆ ಕಿರಿದಾದ ರಂಧ್ರವನ್ನು ಒದಗಿಸುತ್ತವೆ. ಒಂದೊಂದು ಬಗೆಯ ಚಾನಲ್ ತನಗೆ ಬೇಕಾದ ಅಯಾನನ್ನು ಮಾತ್ರ ಬಿಡುತ್ತದೆ. ತೆರೆದಿರುವಾಗ ಒಂದೇ ಒಂದು ಚಾನಲ್ ಮೂಲಕ ಸೆಕೆಂಡಿಗೆ ಹತ್ತಾರು ಲಕ್ಷ ಅಯಾನುಗಳು ಹಾಯಬಲ್ಲವು. ಈ ಸೂಕ್ಷ್ಮ ವಿದ್ಯುತ್ ಪ್ರವಾಹವನ್ನು ಒಂದೇ ಚಾನಲ್‌ನಿಂದ ಅಳೆಯುವ ಪ್ಯಾಚ್ ಕ್ಲ್ಯಾಂಪ್ ವಿಧಾನವನ್ನು ಜರ್ಮನಿಯ ಎರ್ವಿನ್ ನೆಯರ್ ಮತ್ತು ಬರ್ಟ್ ಸಾಕ್ಮನ್ 1976ರಲ್ಲಿ ತೋರಿಸಿಕೊಟ್ಟರು. 1991ರಲ್ಲಿ ಅವರಿಗೆ ನೊಬೆಲ್ ಬಂತು. ಪೊಟ್ಯಾಸಿಯಂ ಚಾನಲ್‌ನ ಪರಮಾಣು ಮಟ್ಟದ ರಚನೆಯನ್ನು 1998ರಲ್ಲಿ ಬಿಡಿಸಿದ ರಾಡರಿಕ್ ಮೆಕಿನನ್ ಅವರಿಗೆ 2003ರಲ್ಲಿ ಅದೇ ಗೌರವ ಸಂದಿತು.

ಅಳತೆಯ ದೃಷ್ಟಿಯಿಂದ ನೋಡಿದರೆ ಒಂದು ಕೋಶದ ಪೊರೆಯ ಮೂಲಕ ಹರಿಯುವ ಒಟ್ಟು ಪ್ರವಾಹ ಮೂರು ಸಂಖ್ಯೆಗಳ ಗುಣಲಬ್ಧ. ಒಂದು ಚಾನಲ್ ತೆರೆದಿರುವಾಗ ಎಷ್ಟು ಪ್ರವಾಹ ಬಿಡುತ್ತದೆ ಎಂಬುದು ಮೊದಲನೆಯದು. ಅದು ಒಟ್ಟು ಸಮಯದಲ್ಲಿ ಎಷ್ಟು ಪಾಲು ತೆರೆದಿರುತ್ತದೆ ಎಂಬುದು ಎರಡನೆಯದು. ಪೊರೆಯಲ್ಲಿ ಅಂಥ ಚಾನಲ್‌ಗಳು ಎಷ್ಟಿವೆ ಎಂಬುದು ಮೂರನೆಯದು. ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಚಾನಲ್ ಎಂದರೆ ಪೊರೆಯಲ್ಲಿ ಶಾಶ್ವತವಾಗಿ ನೆಟ್ಟ ಒಂದು ಕೊಳವೆ. ಬೇಕಾದಾಗ ತೆರೆಯುತ್ತದೆ, ಬೇಡವಾದಾಗ ಮುಚ್ಚುತ್ತದೆ. ಎರಡನೆಯ ಸಂಖ್ಯೆಯೊಂದನ್ನೇ ತೋರಿಸುವ ಆ ಚಿತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಪಿಯುಸಿ ಮುಗಿಸಿದ ವಿದ್ಯಾರ್ಥಿಗೆ ಮೂರನೆಯ ಸಂಖ್ಯೆ ಬದಲಾಗಬಲ್ಲದು ಎಂದು ಹೊಳೆಯುವುದೇ ಇಲ್ಲ. ಕಳೆದ ಮೂವತ್ತು ವರ್ಷಗಳಲ್ಲಿ ಅಣುಜೀವವಿಜ್ಞಾನಿಗಳು ಈ ಕ್ಷೇತ್ರಕ್ಕೆ ಕೊಟ್ಟ ದೊಡ್ಡ ತಿಳಿವಳಿಕೆ ಈ ಮೂರನೆಯ ಸಂಖ್ಯೆಯದೇ ಎಂದು ನಾನು ಭಾವಿಸುತ್ತೇನೆ.

ತೆರೆದು ಮುಚ್ಚುವ ನಿಯಂತ್ರಣ ಮುಖ್ಯವಲ್ಲವೆಂದು ಇದರ ಅರ್ಥವಲ್ಲ. ಅದರ ಮಹತ್ವಕ್ಕೆ ನಮ್ಮ ನೆಲದಲ್ಲಿಯೇ ಕಠೋರವಾದ ಉದಾಹರಣೆ ಇದೆ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿಯ ಕಂದಕೂರಿನ ಬೆಟ್ಟದಲ್ಲಿ ನಾಗರ ಪಂಚಮಿಯ ದಿನ ಜನರು ಕಲ್ಲೆತ್ತಿ ಚೇಳು ಹಿಡಿದು ಕೈಮೇಲೆ, ಮೈಮೇಲೆ ಬಿಟ್ಟುಕೊಳ್ಳುವುದು ನಾಡಿಗೆಲ್ಲ ಗೊತ್ತು. ಆದರೆ ದಖ್ಖನ್ನಿನಲ್ಲಿ ಕಾಣಸಿಗುವ ಕೆಂಪು ಚೇಳಿನ ಕಡಿತ ಮಕ್ಕಳ ಜೀವವನ್ನೇ ತೆಗೆಯಬಲ್ಲದು. ನರಕೋಶದ ಸೋಡಿಯಂ ಚಾನಲ್ ತೆರೆದ ಬಳಿಕ ಒಂದೆರಡು ಮಿಲಿಸೆಕೆಂಡಿನಲ್ಲಿ ತಾನಾಗಿಯೇ ಸ್ಥಗಿತಗೊಳ್ಳಬೇಕು. ಚೇಳಿನ ವಿಷದ ಕೆಲವು ಸಣ್ಣ ಪ್ರೋಟೀನುಗಳು ಚಾನಲ್‌ಗೆ ಅಂಟಿಕೊಂಡು ಆ ಸ್ಥಗಿತವನ್ನು ತಡೆಯುತ್ತವೆ. ನರಗಳು ನಿಲ್ಲದೆ ಸಂಕೇತ ಕಳಿಸುತ್ತವೆ, ಅಡ್ರಿನಲಿನ್ ಜಾತಿಯ ರಾಸಾಯನಿಕಗಳು ರಕ್ತಕ್ಕೆ ಸುರಿಯುತ್ತವೆ, ಕೈಕಾಲು ತಣ್ಣಗಾಗಿ ಮೈಯೆಲ್ಲ ಬೆವರುತ್ತದೆ, ರಕ್ತದೊತ್ತಡ ಏರುತ್ತದೆ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್‌ನಲ್ಲಿ ವೈದ್ಯರಾಗಿದ್ದುಕೊಂಡೇ ಈ ಕಡಿತಕ್ಕೆ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆಯ ಉಪಯೋಗವನ್ನು ತೋರಿಸಿದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರ ಕೆಲಸದಿಂದ ಎಷ್ಟೋ ಜೀವಗಳು ಉಳಿದಿವೆ. ಇದೇ ಚೇಳಿನ ವಿಷದಿಂದ ಬೇರ್ಪಡಿಸಿದ, ಕೇವಲ 37 ಅಮೈನೋ ಆಮ್ಲಗಳ ಐಬೀರಿಯೊಟಾಕ್ಸಿನ್ ಎಂಬ ವಸ್ತು ಒಂದು ಬಗೆಯ ಪೊಟ್ಯಾಸಿಯಂ ಚಾನಲ್ ಅನ್ನು ಮಾತ್ರ ಮುಚ್ಚುವುದರಿಂದ ಜಗತ್ತಿನ ಪ್ರಯೋಗಾಲಯಗಳಲ್ಲಿ ನಿತ್ಯದ ಸಾಧನವಾಗಿದೆ.

ಈನ್ಯಾಕ್‌ನ ಕಥೆ ಬೇರೆ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರದ ಗೇಟುಗಳ ಸಂಖ್ಯೆ ಕಟ್ಟಿದ ದಿನವೇ ನಿಗದಿಯಾಗಿದೆ. ನೀರು ಹೆಚ್ಚು ಬಿಡಬೇಕಾದರೆ ಇರುವ ಗೇಟುಗಳನ್ನೇ ಎತ್ತಬೇಕು. ನಾಳದ ಕೋಶ ಹೊಸ ಗೇಟುಗಳನ್ನೇ ಮಾಡಿ ಕೂರಿಸುತ್ತದೆ, ಬೇಡವಾದಾಗ ಕಿತ್ತು ಒಡೆದು ಹಾಕುತ್ತದೆ, ಅದೂ ಗಂಟೆಗಳ ಲೆಕ್ಕದಲ್ಲಿ.

ಬೆವರಿನ ನಾಳದಲ್ಲಷ್ಟೇ ಅಲ್ಲದೆ ಶ್ವಾಸಕೋಶದಲ್ಲಿ, ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ, ಎಲ್ಲಕ್ಕಿಂತ ಮುಖ್ಯವಾಗಿ ಮೂತ್ರಪಿಂಡದಲ್ಲಿ ಈನ್ಯಾಕ್ ಇದೆ. ಎರಡು ಮೂತ್ರಪಿಂಡಗಳೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಆ ದ್ರವದಲ್ಲಿರುವ ಸೋಡಿಯಂ ಒಂದೂವರೆ ಕಿಲೋ ಉಪ್ಪಿಗೆ ಸಮ. ಇದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ರಕ್ತಕ್ಕೆ ಮರಳುತ್ತದೆ. ಬಹುಪಾಲು ಮರಳಿಕೆ ನಾಳದ ಮೊದಲ ಭಾಗಗಳಲ್ಲೇ ಮುಗಿಯುತ್ತದೆ. ಈನ್ಯಾಕ್ ಇರುವುದು ತುದಿಯಲ್ಲಿ, ಅದರ ಪಾಲಿಗೆ ಉಳಿಯುವುದು ಕೆಲವೇ ಶೇಕಡಾ. ಆದರೆ ಇಂದು ಎಷ್ಟು ಉಪ್ಪು ಉಳಿಸಿಕೊಳ್ಳಬೇಕು, ಎಷ್ಟು ಬಿಡಬೇಕು ಎಂಬ ಅಂತಿಮ ಹೊಂದಾಣಿಕೆ ಆಗುವುದು ಆ ಕೆಲವು ಶೇಕಡಾದಲ್ಲಿಯೇ. ದೇಹದಲ್ಲಿ ಉಳಿದ ಸೋಡಿಯಂ ತನ್ನ ಜೊತೆಗೆ ನೀರನ್ನೂ ಉಳಿಸುವುದರಿಂದ ರಕ್ತದೊತ್ತಡದ ಹಿಡಿತವೂ ಅಲ್ಲಿಯೇ ಇದೆ.

ಈ ಚಾನಲ್ ಇದೆಯೆಂದು ವಿದ್ಯುತ್ ಅಳತೆಗಳಿಂದ ಗೊತ್ತಿತ್ತು. ಅಮಿಲೋರೈಡ್ ಎಂಬ ಔಷಧ ಅದನ್ನು ಮುಚ್ಚುತ್ತದೆ ಎಂದೂ ಗೊತ್ತಿತ್ತು. ಪ್ರೋಟೀನು ಯಾವುದೆಂದು ಮಾತ್ರ ಗೊತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಬರ್ನಾರ್ಡ್ ರೊಸಿಯೆ ಅವರ ತಂಡದಲ್ಲಿದ್ದ ಸಿಸಿಲಿಯಾ ಕನೆಸಾ ಹಿಡಿದ ದಾರಿ ಸೊಗಸಾದದ್ದು. ಉಪ್ಪು ಕಡಿಮೆ ಇರುವ ಆಹಾರ ಕೊಟ್ಟು ಸಾಕಿದ ಇಲಿಗಳ ದೊಡ್ಡ ಕರುಳಿನಲ್ಲಿ ಈ ಚಾನಲ್ ಹೇರಳವಾಗಿರುತ್ತದೆ. ಅಲ್ಲಿಂದ ತೆಗೆದ ಜೀನ್ ಪ್ರತಿಗಳ ಸಂಗ್ರಹವನ್ನು ಭಾಗ ಭಾಗವಾಗಿ ಆಫ್ರಿಕದ ಒಂದು ಜಾತಿಯ ಕಪ್ಪೆಯ ಮೊಟ್ಟೆಕೋಶಗಳಿಗೆ ಚುಚ್ಚಿ, ಯಾವ ಮೊಟ್ಟೆಯಲ್ಲಿ ಅಮಿಲೋರೈಡ್‌ಗೆ ಮಣಿಯುವ ಪ್ರವಾಹ ಕಾಣುತ್ತದೆ ಎಂದು ನೋಡುತ್ತ ಹೋದರು. 1993ರಲ್ಲಿ ಆಲ್ಫಾ ಎಂಬ ಉಪಘಟಕ ಸಿಕ್ಕಿತು. ಅದೊಂದೇ ಕೊಡುತ್ತಿದ್ದ ಪ್ರವಾಹ ಅತ್ಯಲ್ಪ. 1994ರಲ್ಲಿ ಬೀಟಾ, ಗಾಮಾ ಎಂಬ ಇನ್ನೆರಡು ಸಿಕ್ಕವು. ಮೂರೂ ಸೇರಿದಾಗ ಪ್ರವಾಹ ನೂರು ಪಟ್ಟಿಗೂ ಮೀರಿ ಏರಿತು.

ಪ್ರೋಟೀನಿನ ಸಂಖ್ಯೆಯ ನಿಯಂತ್ರಣ ಎಷ್ಟು ದೊಡ್ಡದು ಎಂಬುದನ್ನು ತೋರಿಸಿಕೊಟ್ಟದ್ದು ಒಂದು ಅಪರೂಪದ ಕಾಯಿಲೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಗ್ರಾಂಟ್ ಲಿಡ್ಲ್ 1963ರಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳನ್ನೂ ಅವಳ ಕುಟುಂಬವನ್ನೂ ವಿವರಿಸಿದರು. ಅವಳಿಗೆ ತೀವ್ರ ರಕ್ತದೊತ್ತಡ, ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ. ಅಡ್ರಿನಲ್ ಗ್ರಂಥಿಯ ಅಲ್ಡೋಸ್ಟೆರೋನ್ ಎಂಬ ಹಾರ್ಮೋನು ಹೆಚ್ಚಾದರೆ ಹೀಗಾಗುತ್ತದೆ. ಸೋಡಿಯಂ ಉಳಿಸಿ ಪೊಟ್ಯಾಸಿಯಂ ಬಿಡು ಎಂದು ಮೂತ್ರಪಿಂಡಕ್ಕೆ ಹೇಳುವುದೇ ಆ ಹಾರ್ಮೋನಿನ ಕೆಲಸ. ಆದರೆ ಹುಡುಗಿಯ ದೇಹದಲ್ಲಿ ಅಲ್ಡೋಸ್ಟೆರೋನ್ ತೀರಾ ಕಡಿಮೆ ಇತ್ತು. ಅದರ ಪರಿಣಾಮವನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಔಷಧದಿಂದ ಪ್ರಯೋಜನವಾಗಲಿಲ್ಲ. ನಾಳದ ಸೋಡಿಯಂ ದಾರಿಯನ್ನೇ ಮುಚ್ಚುವ ಟ್ರಯಾಮ್ಟೆರೀನ್‌ನಿಂದ ಆಯಿತು. ಯಾರೂ ಆಜ್ಞೆ ಕೊಡದಿದ್ದರೂ ಮೂತ್ರಪಿಂಡ ಉಪ್ಪು ಉಳಿಸಿಕೊಳ್ಳುತ್ತಿದೆ ಎಂದು ಲಿಡ್ಲ್ ಊಹಿಸಿದರು. ಅದೇ ರೋಗಿಗೆ ಮುಂದೆ ಮೂತ್ರಪಿಂಡ ವಿಫಲವಾಗಿ ಕಸಿ ಮಾಡಿದಾಗ ಹೊಸ ಮೂತ್ರಪಿಂಡದೊಂದಿಗೆ ರಕ್ತದೊತ್ತಡವೂ ಪೊಟ್ಯಾಸಿಯಂ ಕೊರತೆಯೂ ಸರಿಹೋದವು. ದೋಷ ಮೂತ್ರಪಿಂಡದ್ದೇ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಕಷ್ಟ.

ಕನೆಸಾ ತಂಡ ಜೀನ್‌ಗಳನ್ನು ಕಂಡುಹಿಡಿದ ವರ್ಷವೇ, ಯೇಲ್ ವಿಶ್ವವಿದ್ಯಾಲಯದ ರಿಚರ್ಡ್ ಲಿಫ್ಟನ್ ಅವರ ತಂಡ ಲಿಡ್ಲ್ ವಿವರಿಸಿದ ಕುಟುಂಬದಲ್ಲಿ ಬೀಟಾ ಉಪಘಟಕದ ಜೀನ್‌ನಲ್ಲಿ ಉತ್ಪರಿವರ್ತನೆಯನ್ನು ಗುರುತಿಸಿತು. ಅದರ ಸ್ಥಾನ ವಿಚಿತ್ರವಾಗಿತ್ತು. ಸೋಡಿಯಂ ಹಾಯುವ ರಂಧ್ರಕ್ಕೆ ಏನೂ ಆಗಿರಲಿಲ್ಲ. ಕೋಶದ ಒಳಗೆ ಚಾಚಿಕೊಂಡಿರುವ ಪ್ರೋಟೀನಿನ ಕೊನೆಯ ತುಂಡು ಕತ್ತರಿಸಿಹೋಗಿತ್ತು. ಮುಂದೆ ಬೇರೆ ಕುಟುಂಬಗಳಲ್ಲಿ ಗಾಮಾ ಉಪಘಟಕದ ಕೊನೆಯೂ ಹೀಗೆಯೇ ಕತ್ತರಿಸಿಹೋದದ್ದು ಕಂಡಿತು. ಇನ್ನು ಕೆಲವರಲ್ಲಿ ಆ ಬಾಲ ಪೂರ್ತಿ ಇದ್ದೂ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು, ಅದೂ ಪ್ರೋಲಿನ್, ಪ್ರೋಲಿನ್, ಇನ್ನೊಂದು ಅಮೈನೋ ಆಮ್ಲ, ಟೈರೋಸಿನ್ ಎಂಬ ಕ್ರಮ ಇರುವ ಒಂದು ಪುಟ್ಟ ಜಾಗದಲ್ಲಿ. ತುಂಡು ಹೋದರೆ ಚಾನಲ್ ಕೆಡಬೇಕಿತ್ತು. ಬದಲಿಗೆ ಅದರ ಕೆಲಸ ವಿಪರೀತವಾಗಿತ್ತು. ಅಂದರೆ ಆ ಪುಟ್ಟ ಜಾಗ ಚಾನಲ್ ಅನ್ನು ಹತ್ತಿಕ್ಕುವ ಯಾವುದೋ ವಸ್ತು ಬಂದು ಹಿಡಿಯುವ ತಾಣವಾಗಿರಬೇಕು.

ಆ ವಸ್ತುವನ್ನು ಹುಡುಕಿದ್ದು ಟೊರೊಂಟೊದಲ್ಲಿ ಡೇನಿಯೆಲಾ ರೋಟಿನ್ ಅವರ ಪ್ರಯೋಗಾಲಯದಲ್ಲಿದ್ದ ಒಲಿವಿಯೆ ಸ್ಟಾಬ್. ಎರಡು ಪ್ರೋಟೀನುಗಳು ಒಂದನ್ನೊಂದು ಹಿಡಿದುಕೊಂಡರೆ ಮಾತ್ರ ಒಂದು ಗುರುತಿನ ಜೀನ್ ಚಾಲೂ ಆಗುವಂತೆ ತಿದ್ದಿದ ಯೀಸ್ಟ್ ಕೋಶಗಳಲ್ಲಿ ಈನ್ಯಾಕ್‌ನ ಬಾಲವನ್ನು ಗಾಳವಾಗಿ ಇಟ್ಟಾಗ, 1996ರಲ್ಲಿ ನೆಡ್4 ಎಂಬ ಕಿಣ್ವ ಸಿಕ್ಕಿತು. ನಮ್ಮ ಮೂತ್ರಪಿಂಡದಲ್ಲಿ ಈ ಕೆಲಸ ಮಾಡುವುದು ಮುಖ್ಯವಾಗಿ ಅದರ ಹತ್ತಿರದ ಬಂಧು ನೆಡ್4-2 ಎಂದು ಆಮೇಲೆ ತಿಳಿಯಿತು. ನೆಡ್4-2 ಯುಬಿಕ್ವಿಟಿನ್ ಎಂಬ 76 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನನ್ನು ತಂದು ಬೇರೆ ಪ್ರೋಟೀನುಗಳಿಗೆ ಅಂಟಿಸುವ ಕಿಣ್ವ. ಯುಬಿಕ್ವಿಟಿನ್ ಅಂಟಿತೆಂದರೆ ಆ ಪ್ರೋಟೀನನ್ನು ತೆಗೆದುಹಾಕಬೇಕೆಂಬ ಗುರುತು ಬಿದ್ದಂತೆ. ಈ ವ್ಯವಸ್ಥೆಯನ್ನು ಬಿಡಿಸಿಟ್ಟ ಆರನ್ ಸಿಹಾನೋವರ್, ಅವ್ರಾಮ್ ಹರ್ಷ್ಕೊ ಮತ್ತು ಇರ್ವಿನ್ ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು. ಪೊರೆಯಲ್ಲಿರುವ ಚಾನಲ್‌ಗೆ ಈ ಗುರುತು ಬಿದ್ದಾಗ ಪೊರೆಯ ಆ ತುಣುಕು ಒಳಕ್ಕೆ ಮಡಚಿಕೊಂಡು ಗುಳ್ಳೆಯಾಗುತ್ತದೆ, ಅದರೊಳಗಿನ ಚಾನಲ್ ಲೈಸೊಸೋಮ್ ತಲುಪಿ ಜೀರ್ಣವಾಗುತ್ತದೆ. ಲಿಡ್ಲ್ ಸಿಂಡ್ರೋಮ್ ಎಂದು ಹೆಸರಾದ ಆ ಹುಡುಗಿಯ ಕಾಯಿಲೆಯಲ್ಲಿ ನೆಡ್4-2ಗೆ ಹಿಡಿತ ಸಿಗದೆ ಗುರುತು ಬೀಳುವುದಿಲ್ಲ. ಚಾನಲ್‌ಗಳು ಪೊರೆಯಲ್ಲಿ ಕೂಡಿಬೀಳುತ್ತವೆ. ಉತ್ಪರಿವರ್ತಿತ ಚಾನಲ್‌ಗಳನ್ನು ಕಪ್ಪೆಯ ಮೊಟ್ಟೆಯ ಮೇಲೆ ಎಣಿಸಿ ನೋಡಿದಾಗ ಸಂಖ್ಯೆ ಹೆಚ್ಚಿದ್ದು ನಿಜವಾದರೂ ಪ್ರವಾಹ ಅದಕ್ಕಿಂತಲೂ ಹೆಚ್ಚಿತ್ತು; ಅಂದರೆ ಅವು ತೆರೆದಿರುವ ಪಾಲೂ ಏರಿತ್ತು. ಸಂಖ್ಯೆ ಮತ್ತು ತೆರೆಯುವಿಕೆ ಪೂರ್ತಿ ಪ್ರತ್ಯೇಕ ಖಾತೆಗಳಲ್ಲ ಎಂಬುದನ್ನು ಈ ಫಲಿತಾಂಶ ನೆನಪಿಸುತ್ತದೆ.

ಪ್ರೋಟೀನಿನ ಆಯುಷ್ಯವನ್ನು ಅಳೆಯುವುದು ಹೇಗೆ? ಕೋಶಗಳಿಗೆ ಸ್ವಲ್ಪ ಹೊತ್ತು ವಿಕಿರಣಶೀಲ ಗಂಧಕ ಇರುವ ಅಮೈನೋ ಆಮ್ಲವನ್ನು ಉಣಿಸುತ್ತಾರೆ. ಆ ಹೊತ್ತಿನಲ್ಲಿ ತಯಾರಾದ ಪ್ರೋಟೀನುಗಳೆಲ್ಲ ವಿಕಿರಣದ ಗುರುತು ಹೊತ್ತಿರುತ್ತವೆ. ಬಳಿಕ ಸಾಮಾನ್ಯ ಆಹಾರಕ್ಕೆ ಬದಲಿಸಿ, ಗಂಟೆಗೊಮ್ಮೆ ಕೋಶಗಳನ್ನು ಒಡೆದು, ಬೇಕಾದ ಪ್ರೋಟೀನನ್ನು ಪ್ರತಿಕಾಯದಿಂದ ಹೆಕ್ಕಿ, ಗುರುತು ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಈನ್ಯಾಕ್ ವಿಷಯದಲ್ಲಿ ಸ್ಟಾಬ್ ಮತ್ತು ಸಹೋದ್ಯೋಗಿಗಳು 1997ರಲ್ಲಿ ಪ್ರಕಟಿಸಿದ ಫಲಿತಾಂಶ ಬೆರಗು ಹುಟ್ಟಿಸುವಂಥದ್ದು: ಸುಮಾರು ಒಂದು ಗಂಟೆಯಲ್ಲಿ ಅರ್ಧದಷ್ಟು ಕಾಣೆಯಾಗಿರುತ್ತದೆ. ನೂರಾರು ಅಮೈನೋ ಆಮ್ಲಗಳನ್ನು ಒಂದೊಂದಾಗಿ ಜೋಡಿಸಿ, ಮಡಚಿ, ಮೂರು ಉಪಘಟಕಗಳನ್ನು ಕೂಡಿಸಿ ಕಟ್ಟಿದ ಪ್ರೋಟೀನನ್ನು ಕೋಶ ಇಷ್ಟು ಬೇಗ ನಾಶ ಮಾಡುತ್ತದೆ.

ಮೇಲ್ನೋಟಕ್ಕೆ ಇದು ದುಂದು. ಆದರೆ ಲೆಕ್ಕ ಹಾಕಿದರೆ ಅದರ ಔಚಿತ್ಯ ತಿಳಿಯುತ್ತದೆ. ಪೊರೆಯಲ್ಲಿರುವ ಚಾನಲ್‌ಗಳ ಸಂಖ್ಯೆ ಎಂದರೆ ಹೊಸದಾಗಿ ಬರುವ ವೇಗ ಮತ್ತು ನಾಶವಾಗುವ ವೇಗ ಎರಡೂ ಸಮನಾದ ಮಟ್ಟ. ಅರ್ಧಾಯುಷ್ಯ ಒಂದು ಗಂಟೆಯಾಗಿದ್ದು ತಯಾರಿಕೆ ಇಮ್ಮಡಿಯಾದರೆ, ಒಂದು ಗಂಟೆಯಲ್ಲಿ ಹೊಸ ಮಟ್ಟದ ಅರ್ಧ ದಾರಿ, ಎರಡು ಗಂಟೆಯಲ್ಲಿ ಮುಕ್ಕಾಲು ದಾರಿ ಕ್ರಮಿಸಿಯಾಗುತ್ತದೆ. ತಯಾರಿಕೆ ನಿಂತರೂ ಅಷ್ಟೇ ಬೇಗ ಮಟ್ಟ ಇಳಿಯುತ್ತದೆ. ಅರ್ಧಾಯುಷ್ಯ ಒಂದು ದಿನವಾಗಿದ್ದರೆ ಇದೇ ಬದಲಾವಣೆಗೆ ದಿನಗಳೇ ಬೇಕು. ಅಷ್ಟರಲ್ಲಿ ನಾಲ್ಕಾರು ಊಟಗಳಾಗಿ, ಬಿಸಿಲು ಏರಿ ಇಳಿದಿರುತ್ತದೆ. ಬೆಳಿಗ್ಗೆ ಜೋಳದ ರೊಟ್ಟಿಯ ಜೊತೆ ಉಪ್ಪಿನಕಾಯಿ, ಶೇಂಗಾ ಹಿಂಡಿ ತಿಂದು ಮಧ್ಯಾಹ್ನ ಬಿಸಿಲಿನಲ್ಲಿ ಲೀಟರ್‌ಗಟ್ಟಲೆ ಬೆವರುವ ದೇಹಕ್ಕೆ ಉಪ್ಪಿನ ಲೆಕ್ಕವನ್ನು ಅದೇ ದಿನ ಸರಿದೂಗಿಸುವ ಶಕ್ತಿ ಬೇಕು. ಅಲ್ಪಾಯುಷಿ ಪ್ರೋಟೀನಿಗೆ ಕೋಶ ತೆರುವ ಶಕ್ತಿಯ ಬೆಲೆ ಈ ಚುರುಕುತನಕ್ಕಾಗಿ.

ಈಗ ಹಾರ್ಮೋನಿನ ಪಾತ್ರಕ್ಕೆ ಬರೋಣ. ಬೆವರಿನಲ್ಲಿ ಉಪ್ಪು ನೀರು ಹೋಗಿ ರಕ್ತದ ಪ್ರಮಾಣ ಕುಗ್ಗಿದಾಗ ಅಲ್ಡೋಸ್ಟೆರೋನ್ ಏರುತ್ತದೆ. ಅದು ನಾಳದ ಕೋಶದೊಳಗೆ ಹೋಗಿ ಕೆಲವು ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ಅವುಗಳಲ್ಲಿ ಎಲ್ಲಕ್ಕಿಂತ ಮೊದಲು ಏಳುವ ಒಂದು ಜೀನ್ ಎಸ್‌ಜಿಕೆ1 ಎಂಬ ಕಿಣ್ವದ್ದು ಎಂದು 1999ರಲ್ಲಿ ತಿಳಿಯಿತು. ಈ ಕಿಣ್ವ ಏನು ಮಾಡುತ್ತದೆ ಎಂಬುದಕ್ಕೆ 2001ರಲ್ಲಿ ಉತ್ತರ ದೊರೆಯಿತು: ಎಸ್‌ಜಿಕೆ1 ನೆಡ್4-2ಗೆ ಫಾಸ್ಫೇಟ್ ಗುಂಪನ್ನು ಜೋಡಿಸುತ್ತದೆ. ಫಾಸ್ಫೇಟ್ ಹೊತ್ತ ನೆಡ್4-2ನ್ನು 14-3-3 ಎಂಬ ಹೆಸರಿನ ಪ್ರೋಟೀನುಗಳು ಹಿಡಿದಿಟ್ಟುಕೊಳ್ಳುತ್ತವೆ. ಅದಕ್ಕೆ ಈನ್ಯಾಕ್‌ನ ಬಾಲ ಕೈಗೆ ಸಿಗುವುದಿಲ್ಲ. ತೆಗೆದುಹಾಕುವ ಕೆಲಸ ನಿಧಾನವಾಗುತ್ತದೆ, ಪೊರೆಯಲ್ಲಿ ಚಾನಲ್‌ಗಳು ಹೆಚ್ಚುತ್ತವೆ, ಸೋಡಿಯಂ ಹಿಂದಿರುಗುತ್ತದೆ. ಆರೋಗ್ಯವಂತನಲ್ಲಿ ಅಲ್ಡೋಸ್ಟೆರೋನ್ ತಾತ್ಕಾಲಿಕವಾಗಿ ಉಂಟುಮಾಡುವ ಸ್ಥಿತಿಯನ್ನೇ ಲಿಡ್ಲ್ ಸಿಂಡ್ರೋಮ್‌ನ ಉತ್ಪರಿವರ್ತನೆ ಹುಟ್ಟಿನಿಂದ ಶಾಶ್ವತಗೊಳಿಸಿರುತ್ತದೆ. ಹಾರ್ಮೋನು ಕಡಿಮೆ ಇದ್ದೂ ಹುಡುಗಿಯ ಮೂತ್ರಪಿಂಡ ಉಪ್ಪು ಹಿಡಿದಿಟ್ಟುಕೊಂಡದ್ದು ಯಾಕೆಂದು ಈಗ ಅರ್ಥವಾಗುತ್ತದೆ. ಎಸ್‌ಜಿಕೆ1 ಕೂಡ ಅಲ್ಪಾಯುಷಿಯೇ, ಅರ್ಧ ಗಂಟೆಯ ಆಸುಪಾಸು. ಹಾರ್ಮೋನಿನ ಸಂಕೇತ ಇಳಿದರೆ ಅದೂ ಕರಗುತ್ತದೆ, ನೆಡ್4-2 ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಈ ಸರಪಳಿ ಕಾಗದದ ಮೇಲಿನದ್ದಷ್ಟೇ ಅಲ್ಲ: ನೆಡ್4-2 ಇಲ್ಲದಂತೆ ಮಾಡಿದ ಇಲಿಗಳಲ್ಲಿ ಉಪ್ಪಿನ ಆಹಾರ ಕೊಟ್ಟಾಗ ರಕ್ತದೊತ್ತಡ ಏರುತ್ತದೆ.

ಮೊದಲ ಕೆಲವು ಗಂಟೆಗಳ ಬದಲಾವಣೆ ಮುಖ್ಯವಾಗಿ ಹೀಗೆ ಇರುವ ಚಾನಲ್‌ಗಳ ಆಯುಷ್ಯ ಹಿಗ್ಗುವುದರಿಂದ ಆದರೆ, ಅನಂತರದ ಗಂಟೆಗಳಲ್ಲಿ, ದಿನಗಳಲ್ಲಿ ಹೊಸ ಉಪಘಟಕಗಳ ತಯಾರಿಕೆಯೂ ಏರುತ್ತದೆ. ಇವಲ್ಲದೆ ಕೋಶದ ಹೊರಗಿನ ಕೆಲವು ಕಿಣ್ವಗಳು ಚಾನಲ್‌ನ ಹೊರಭಾಗದ ತುಣುಕನ್ನು ಕತ್ತರಿಸಿ ಅದು ಹೆಚ್ಚು ಹೊತ್ತು ತೆರೆದಿರುವಂತೆ ಮಾಡುತ್ತವೆ; ಕೋಶದೊಳಗೆ ಸೋಡಿಯಂ ಹೆಚ್ಚಾದರೆ ಚಾನಲ್ ತಾನೇ ತಗ್ಗುತ್ತದೆ. ಬಿಸಿಲಿಗೆ ಒಗ್ಗಿದ ಮೈಯ ಬೆವರು ಸಪ್ಪಗಾಗುವುದಕ್ಕೆ ಇವೆಲ್ಲ ಒಟ್ಟಾಗಿ ಕಾರಣ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಮಾನವ ಈನ್ಯಾಕ್‌ನ ರಚನೆಯನ್ನು 2018ರಲ್ಲಿ ಕಂಡಾಗ ಮೂರು ಉಪಘಟಕಗಳು ಸುತ್ತಲೂ ನಿಂತ ಬಗೆ, ಕಿಣ್ವಗಳು ಕತ್ತರಿಸುವ ಹೊರಭಾಗ ಎಲ್ಲ ಕಂಡಿತು. ಕೋಶದೊಳಗಿನ ಬಾಲಗಳು ಮಾತ್ರ ಚಿತ್ರದಲ್ಲಿ ಮೂಡಲಿಲ್ಲ. ನೆಡ್4-2 ಬಂದು ಹಿಡಿಯುವ ತಾಣ ಇರುವುದು ಅದೇ ಬಾಲಗಳಲ್ಲಿ. ಆದ್ದರಿಂದ ಆಯುಷ್ಯದ ಪ್ರಶ್ನೆಗಳಿಗೆ ಯೀಸ್ಟ್, ಪ್ರತಿಕಾಯ, ಉತ್ಪರಿವರ್ತನೆಗಳ ಹಳೆಯ ದಾರಿಯ ಕೆಲಸ ಇನ್ನೂ ಮುಗಿದಿಲ್ಲ.

ಕ್ಲೋರೈಡ್‌ನ ದಾರಿಯಾದ ಸಿಎಫ್‌ಟಿಆರ್‌ನಲ್ಲಿ ಇದೇ ಪ್ರಶ್ನೆ ತಿರುವುಮುರುವಾಗಿ ಎದುರಾಗುತ್ತದೆ: ಅಲ್ಲಿ ಸಂಖ್ಯೆ ಹೆಚ್ಚಾಗುವುದು ತೊಂದರೆಯಲ್ಲ, ಪೊರೆಯನ್ನು ತಲುಪದಿರುವುದು ತೊಂದರೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆಯ ಮಕ್ಕಳು ನ್ಯೂಯಾರ್ಕಿನಲ್ಲಿ ಕಡು ಬೇಸಿಗೆಯಲ್ಲಿ ಕುಸಿದು ಆಸ್ಪತ್ರೆಗೆ ಬರುತ್ತಿದ್ದುದನ್ನು ಗಮನಿಸಿದ ಪಾಲ್ ಡಿ ಸಾಂಟ್ ಆನ್ಯೇಸೆ, ಅವರ ಬೆವರು ವಿಪರೀತ ಉಪ್ಪಾಗಿರುತ್ತದೆ ಎಂದು 1953ರಲ್ಲಿ ತೋರಿಸಿದರು. ಇಂದಿಗೂ ಬೆವರಿನ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ದಾಟಿದರೆ ಅದು ಆ ಕಾಯಿಲೆಯ ಬಲವಾದ ಸೂಚನೆ. ಸ್ವತಃ ಈ ಕಾಯಿಲೆ ಇದ್ದ ವಿಜ್ಞಾನಿ ಪಾಲ್ ಕ್ವಿಂಟನ್ 1983ರಲ್ಲಿ ಬೆವರಿನ ನಾಳ ಕ್ಲೋರೈಡ್ ಅನ್ನು ಹಾಯಗೊಡುವುದಿಲ್ಲ ಎಂಬುದೇ ಮೂಲದೋಷ ಎಂದು ತೋರಿಸಿದರು. 1989ರಲ್ಲಿ ಜೀನ್ ಸಿಕ್ಕಿತು. ಹೆಚ್ಚಿನ ರೋಗಿಗಳಲ್ಲಿ 1480 ಅಮೈನೋ ಆಮ್ಲಗಳ ಆ ಪ್ರೋಟೀನಿನಲ್ಲಿ 508ನೆಯದು ಮಾತ್ರ ಇರುವುದಿಲ್ಲ. ಅಷ್ಟಕ್ಕೇ ಅದು ಸರಿಯಾಗಿ ಮಡಚಿಕೊಳ್ಳದೆ, ಕೋಶದ ತಪಾಸಣೆಯಲ್ಲಿ ಸಿಕ್ಕಿಬಿದ್ದು, ಯುಬಿಕ್ವಿಟಿನ್ ಅಂಟಿಸಿಕೊಂಡು ಪೊರೆ ತಲುಪುವ ಮೊದಲೇ ನಾಶವಾಗುತ್ತದೆ. ಕೋಶಗಳನ್ನು 37ರ ಬದಲು 26–27 ಡಿಗ್ರಿಯಲ್ಲಿ ಬೆಳೆಸಿದರೆ ಅದೇ ಪ್ರೋಟೀನಿನ ಒಂದಷ್ಟು ಪಾಲು ಪೊರೆ ತಲುಪಿ ಕ್ಲೋರೈಡ್ ಅನ್ನು ಹಾಯಿಸುತ್ತದೆ ಎಂದು 1992ರಲ್ಲಿ ಕಂಡದ್ದು ಔಷಧ ಹುಡುಕುವವರಿಗೆ ಭರವಸೆ ಕೊಟ್ಟಿತು. 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೂರು ಔಷಧಗಳ ಮಿಶ್ರಣದಲ್ಲಿ ಎಲೆಕ್ಸಾಕಾಫ್ಟರ್, ಟೆಜಾಕಾಫ್ಟರ್ ಎಂಬೆರಡು ಪ್ರೋಟೀನನ್ನು ಪೊರೆಗೆ ತಲುಪಿಸುತ್ತವೆ. ಐವಾಕಾಫ್ಟರ್ ಅದು ಹೆಚ್ಚು ಹೊತ್ತು ತೆರೆದಿರುವಂತೆ ಮಾಡುತ್ತದೆ. ಸಂಖ್ಯೆ ಎರಡು ಔಷಧಗಳಿಗೆ, ತೆರೆದಿರುವ ಪಾಲು ಇನ್ನೊಂದಕ್ಕೆ ಎಂದು ಹೀಗೆ ಹಂಚಿ ಕೊಟ್ಟ ಚಿಕಿತ್ಸೆ ವೈದ್ಯಕೀಯದಲ್ಲಿ ವಿರಳ.

ನಮ್ಮ ಜಿಲ್ಲೆಗಳಿಗೆ ಇದರಲ್ಲಿ ನೇರ ಸಂಬಂಧದ ವಿಷಯವೂ ಇದೆ. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲಿ ಮದುವೆ ಮಾಡುವ ವಾಡಿಕೆ ಇಲ್ಲಿ ಇನ್ನೂ ಇದೆ. ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳ ಸಾಧ್ಯತೆ ಅಂಥ ಮದುವೆಗಳಲ್ಲಿ ಹೆಚ್ಚು. ಸಿಸ್ಟಿಕ್ ಫೈಬ್ರೋಸಿಸ್ ಅಂಥದ್ದು. ಈನ್ಯಾಕ್ ಕೆಲಸವನ್ನೇ ಮಾಡದ, ಸ್ಯೂಡೊಹೈಪೊಆಲ್ಡೋಸ್ಟೆರೋನಿಸಂ ಎಂಬ ದೊಡ್ಡ ಹೆಸರಿನ ಕಾಯಿಲೆಯ ತೀವ್ರ ರೂಪವೂ ಅಂಥದ್ದೇ. ಹುಟ್ಟಿದ ಕೆಲವೇ ದಿನಗಳಲ್ಲಿ ಮಗು ವಾಂತಿ ಮಾಡುತ್ತ, ತೂಕ ಕಳೆದುಕೊಳ್ಳುತ್ತ ಒಣಗುತ್ತದೆ. ರಕ್ತದಲ್ಲಿ ಸೋಡಿಯಂ ಇಳಿದು ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಿರುತ್ತದೆ. ಅಡ್ರಿನಲ್ ಗ್ರಂಥಿಯ ಹುಟ್ಟು ದೋಷವೂ ಹೀಗೆಯೇ ಕಾಣುವುದರಿಂದ ಮೊದಲು ಅದರ ಅನುಮಾನ ಬರುವುದು ಸಹಜ, ಮತ್ತು ಅದು ಹೆಚ್ಚು ಸಾಮಾನ್ಯವೂ ಹೌದು. ಆದರೆ ಆ ದೋಷಕ್ಕೆ ಕೊಡುವ ಹಾರ್ಮೋನುಗಳಿಂದ ಈ ಮಗು ಚೇತರಿಸಿಕೊಳ್ಳುವುದಿಲ್ಲ. ಅದರ ರಕ್ತದಲ್ಲಿ ಅಲ್ಡೋಸ್ಟೆರೋನ್ ಈಗಾಗಲೇ ವಿಪರೀತ ಇರುತ್ತದೆ, ಕೇಳಿಸಿಕೊಳ್ಳುವ ಚಾನಲ್ ಮಾತ್ರ ಇಲ್ಲ. ಅದಕ್ಕೆ ಬೇಕಾದದ್ದು ಹೆಚ್ಚಿನ ಪ್ರಮಾಣದ ಉಪ್ಪು ಮತ್ತು ಪೊಟ್ಯಾಸಿಯಂ ಇಳಿಸುವ ಔಷಧ, ಅದೂ ವರ್ಷಗಟ್ಟಲೆ.

ಲಿಡ್ಲ್ ಸಿಂಡ್ರೋಮ್‌ಗೆ ಒಬ್ಬರಿಂದ ಬಂದ ಒಂದೇ ಪ್ರತಿ ಸಾಕು. ಆದ್ದರಿಂದ ಅದು ತಲೆಮಾರಿನಿಂದ ತಲೆಮಾರಿಗೆ ನೇರವಾಗಿ ಇಳಿಯುತ್ತದೆ. ಕಾಯಿಲೆ ವಿರಳ, ಆದರೆ ಅನುಮಾನಕ್ಕೆ ಬೇಕಾದ ಸುಳಿವುಗಳು ದುಬಾರಿಯಲ್ಲ. ಇಪ್ಪತ್ತು, ಇಪ್ಪತ್ತೈದರ ವಯಸ್ಸಿಗೇ ರಕ್ತದೊತ್ತಡ ಏರಿದ್ದು, ಮನೆಯಲ್ಲಿ ಇನ್ನೂ ಕೆಲವರಿಗೆ ಚಿಕ್ಕ ವಯಸ್ಸಿನಲ್ಲೇ ಲಕ್ವ ಹೊಡೆದದ್ದೋ ಒತ್ತಡ ಇದ್ದದ್ದೋ ತಿಳಿದುಬಂದು, ರಕ್ತದ ಪೊಟ್ಯಾಸಿಯಂ ಕಡಿಮೆ ಇದ್ದರೆ ವೈದ್ಯರು ಮುಂದಿನ ಹೆಜ್ಜೆಯಾಗಿ ಅಲ್ಡೋಸ್ಟೆರೋನ್ ಅನ್ನೂ ಅದನ್ನು ಏರಿಸುವ ರೆನಿನ್ ಎಂಬ ಮೂತ್ರಪಿಂಡದ ಕಿಣ್ವವನ್ನೂ ಅಳೆಸುತ್ತಾರೆ. ಎರಡೂ ತಗ್ಗಿದ್ದರೆ ದೃಷ್ಟಿ ಈನ್ಯಾಕ್ ಕಡೆ ತಿರುಗುತ್ತದೆ. ಪೊಟ್ಯಾಸಿಯಂ ಪರೀಕ್ಷೆ ಜಿಲ್ಲಾ ಆಸ್ಪತ್ರೆಯಲ್ಲಿ ನಿತ್ಯ ನಡೆಯುವಂಥದ್ದು. ಹಾರ್ಮೋನಿನ ಪರೀಕ್ಷೆಗೆ ಮಾದರಿಯನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಬೇಕಾಗಬಹುದು. ಚಿಕಿತ್ಸೆಗೆ ಚಾನಲ್‌ನ ರಂಧ್ರವನ್ನೇ ಮುಚ್ಚುವ ಅಮಿಲೋರೈಡ್ ಅಥವಾ ಟ್ರಯಾಮ್ಟೆರೀನ್, ಜೊತೆಗೆ ಊಟದಲ್ಲಿ ಉಪ್ಪು ಕಡಿಮೆ. ನೆಡ್4-2 ಬಿಟ್ಟುಹೋದ ಹೆಚ್ಚುವರಿ ಚಾನಲ್‌ಗಳನ್ನು ಈ ಔಷಧಗಳು ಪೊರೆಯಿಂದ ತೆಗೆಯಲಾರವು, ಆದರೆ ಅವುಗಳ ಮೂಲಕ ಸೋಡಿಯಂ ಹಾಯದಂತೆ ತಡೆಯುತ್ತವೆ. ಬಹುಪಾಲು ರೋಗಿಗಳಲ್ಲಿ ರಕ್ತದೊತ್ತಡವೂ ಪೊಟ್ಯಾಸಿಯಂ ಮಟ್ಟವೂ ಸಹಜಕ್ಕೆ ಬರಲು ಅಷ್ಟು ಸಾಕಾಗುತ್ತದೆ.